ನಮ್ಮ ಹಳೆಯ ಕಟ್ಟಡದಲ್ಲಿ ಯಾವ ಕಾಲಕ್ಕೆ ಏನಿತ್ತು? ಬಲ್ಲವರು ಹೇಳಿ

ಪೇಟೆಬೀದಿ ಮೊಮ್ಮಗಳು

ತಿಪಟೂರು ಸೀಮೆಯ ಒಂದು ಸಣ್ಣ ಪೇಟೆ. ಊರಿನ ಹೆಸರು ಬರೆಯುವುದಿಲ್ಲ. ಆಸ್ತಿ ಇನ್ನೂ ಪಾಲಾಗಿಲ್ಲ, ಚಿಕ್ಕಪ್ಪಂದಿರಿಬ್ಬರೂ ಇಲ್ಲಿ ಬರುವುದನ್ನೆಲ್ಲ ಓದುತ್ತಾರೆ. ಬಸ್ ನಿಲ್ದಾಣದಿಂದ ಸಂತೆ ಮೈದಾನಕ್ಕೆ ಹೋಗುವ ಬೀದಿಯಲ್ಲಿ, ಎಡಗಡೆಗೆ, ಹೆಂಚಿನ ದೊಡ್ಡ ಕಟ್ಟಡ. ಮುಂದೆ ಕಲ್ಲಿನ ಜಗಲಿ, ಹಿಂದೆ ಬಾವಿ. ನನ್ನ ಮುತ್ತಜ್ಜ ಕಟ್ಟಿಸಿದ್ದು. ರಸ್ತೆ ಅಗಲಿಸುವವರು ಬಂದು ಜಗಲಿಯ ಮೇಲೆ ಕೆಂಪು ಗುರುತು ಹಾಕಿ ಹೋಗಿದ್ದಾರೆ, ಮುಂಭಾಗ ಹೋಗುವುದು ಖಚಿತ. ಅಷ್ಟರಲ್ಲಿ ಅದರ ಕಥೆಯನ್ನು ಬರೆದಿಡೋಣ ಎಂದರೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಪ್ಪ ‘ಬ್ಯಾಂಕ್ ಇತ್ತು’ ಎನ್ನುತ್ತಾರೆ. ಸೋದರತ್ತೆ ‘ಫೋಟೋ ತೆಗೆಸಿಕೊಳ್ಳಲು ಹೋಗುತ್ತಿದ್ದೆವು’ ಎನ್ನುತ್ತಾರೆ. ಎದುರಿನ ಹೂವಿನವರಿಗೆ ಅದು ಇವತ್ತಿಗೂ ಮಂಡಿಯೇ.

ಮೊನ್ನೆ ಬೀಗ ತೆಗೆಸಿ ಒಳಗೆ ನೋಡಿದೆ. ದೊಡ್ಡ ಹಜಾರದ ಅಡ್ಡತೊಲೆಗೆ ಹೆಬ್ಬೆರಳಿಗಿಂತ ದಪ್ಪನಾದ ಕಬ್ಬಿಣದ ಕೊಕ್ಕೆಯಿದೆ. ಉಯ್ಯಾಲೆಗೆ ಎನ್ನೋಣವೆಂದರೆ ಇರುವುದು ಒಂದೇ. ಹಿಂದುಗಡೆ ಕಿಟಕಿಯೇ ಇಲ್ಲದ ಕೋಣೆ, ಭಾರಿ ದಪ್ಪದ ಗೋಡೆ; ಒಳಗೆ ಸಿಮೆಂಟಿನ ಸಣ್ಣ ತೊಟ್ಟಿ, ಕೆಂಪು ಬಣ್ಣ ಬಳಿದ ಬಲ್ಬು. ಪಕ್ಕದ ಅಂಕಣದಲ್ಲಿ ನೆಲದಿಂದ ಎದ್ದ ಸಿಮೆಂಟ್ ಕಟ್ಟೆ, ಅದರಲ್ಲಿ ತುಕ್ಕು ಹಿಡಿದ ನಾಲ್ಕು ಬೋಲ್ಟು. ಬೀದಿಯ ಬದಿಗೆ ಒಬ್ಬರೇ ನಿಲ್ಲಬಹುದಾದ ಪ್ಲೈವುಡ್ ಗೂಡು. ಹೆಂಚಿನ ಮೇಲೆ ಬಾಸೆಲ್ ಮಿಷನ್ ಎಂದೂ 1865 ಎಂದೂ ಅಚ್ಚಿದೆ. ಹಾಗಾಗಿ ಕಟ್ಟಡವೇ 1865ರದ್ದು ಎಂದು ಚಿಕ್ಕಪ್ಪನ ವಾದ. ನಿಜವೇ?

ಗಾರೆ ಕೆಲಸ

1865 ನಿಮ್ಮ ಕಟ್ಟಡದ ವರ್ಷವಲ್ಲ, ಕಾರ್ಖಾನೆಯ ವರ್ಷ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ನೇತ್ರಾವತಿಯ ದಡದಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ಆಗ. ಆಮೇಲೆ ಎಷ್ಟೋ ವರ್ಷ ಸುಟ್ಟ ಹೆಂಚಿಗೂ ಅದೇ ಸಂಖ್ಯೆಯನ್ನು ಒತ್ತುತ್ತಿದ್ದರು. ಈ ಹೆಂಚು ನೋಡಿ ತಮ್ಮ ಮನೆಗೆ ನೂರೈವತ್ತು ವರ್ಷವಾಯಿತೆಂದು ಹೇಳಿಕೊಳ್ಳುವವರು ಊರಿಗೊಬ್ಬರು ಸಿಗುತ್ತಾರೆ. ಮೊದಲ ಮಹಾಯುದ್ಧದ ಸಮಯದಲ್ಲಿ ಆ ಕಾರ್ಖಾನೆಗಳು ಮಿಷನ್ನಿನವರ ಕೈತಪ್ಪಿ, ಮುಂದೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಗೆ ಹೋದವು. ಆದ್ದರಿಂದ ಬಾಸೆಲ್ ಹೆಸರಿನ ಹೆಂಚು ಸಾಮಾನ್ಯವಾಗಿ ಅದಕ್ಕಿಂತ ಹಿಂದಿನದು. ಆದರೆ ಹೆಂಚು ಒಂದು ಮಾಡಿನಿಂದ ಇಳಿದು ಇನ್ನೊಂದಕ್ಕೆ ಏರುವ ವಸ್ತು. ಮಾಡಿನ ನಾಲ್ಕೂ ಕಡೆ ಒಂದೊಂದು ತೆಗೆಸಿ ನೋಡಿ. ಎಲ್ಲ ಕಡೆ ಒಂದೇ ಅಚ್ಚು ಇದ್ದರೆ ಒಮ್ಮೆಗೇ ಹೊದಿಸಿದ್ದು, ಮೂರು ನಾಲ್ಕು ಕಾರ್ಖಾನೆಯ ಹೆಸರು ಸಿಕ್ಕರೆ ಮಾಡು ಹಲವು ಸಲ ಕೈಯಾಡಿದೆ ಎಂದರ್ಥ.

ಗುಮಾಸ್ತರ ಮಗ

ಊರಿನ ಹೆಸರು ಬರೆಯದಿದ್ದರೂ ಜಗಲಿ, ಬಾವಿ ಎಂದಾಗಲೇ ಗೊತ್ತಾಯಿತು, ತಾಯಿ. ನಮ್ಮ ತಂದೆ ಆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಚೀಲದ ಮೇಲೆ ಕೂತು ಮಗ್ಗಿ ಒಪ್ಪಿಸಿದವನು.

ಕೊಕ್ಕೆ ಉಯ್ಯಾಲೆಯದಲ್ಲ, ತಕ್ಕಡಿಯದು. ಒಂದು ಕಡೆ ಸರಪಳಿಯಲ್ಲಿ ತೂಗುವ ಹಲಗೆ, ಅದರ ಮೇಲೆ ಕೊಬ್ಬರಿ ಚೀಲ. ಇನ್ನೊಂದು ಕಡೆ ಕಬ್ಬಿಣದ ತೂಕದ ಕಲ್ಲು. ಕೊಕ್ಕೆಯ ನೇರ ಕೆಳಗಿನ ಚಪ್ಪಡಿಗಳನ್ನು ಚಪ್ಪಲಿ ಬಿಟ್ಟು ತುಳಿದು ನೋಡಿ. ಎರಡು ಕಡೆ ತಗ್ಗು ಬಿದ್ದಿದೆ, ನಡುವೆ ಇಲ್ಲ. ಹಮಾಲರು ಚೀಲ ಏರಿಸುವಾಗ ಕಾಲೂರಿ ನಿಲ್ಲುತ್ತಿದ್ದ ಜಾಗಗಳು ಅವು. ಗೋಡೆಯ ಕೆಳಭಾಗದಲ್ಲಿ ಸೊಂಟದೆತ್ತರದವರೆಗೆ ಕಂದು ಕಲೆ ಇರಬೇಕು. ಅದನ್ನು ತೇವ ಎಂದುಕೊಂಡು ಯಾರಾದರೂ ನಿಮ್ಮಿಂದ ಖರ್ಚು ಮಾಡಿಸಿಯಾರು, ಹುಷಾರು. ಅದು ಎಣ್ಣೆ. ವರ್ಷಗಟ್ಟಲೆ ಕೊಬ್ಬರಿ ಚೀಲ ಒರಗಿಸಿಟ್ಟ ಗೋಡೆ ಸುಣ್ಣವನ್ನು ಹಿಡಿದುಕೊಳ್ಳುವುದಿಲ್ಲ.

ನಮ್ಮ ಕಡೆಯದು ಉಂಡೆ ಕೊಬ್ಬರಿ. ಕಾಯಿಯನ್ನು ಇಡಿಯಾಗಿ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ, ವರ್ಷದ ಹತ್ತಿರ ಹತ್ತಿರ ಬಿಡಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಸದ್ದು ಮಾಡುತ್ತದೆ. ಆಮೇಲೆ ಸುಲಿಯುವುದು, ಒಡೆಯುವುದು. ಮಾಲು ಬಹುಪಾಲು ಉತ್ತರ ಭಾರತಕ್ಕೆ. ಚೀಲದ ಮೇಲೆ ಗುರುತು ಹಾಕಲು ಅಕ್ಷರ ಕೊರೆದ ತಗಡು ಇರುತ್ತಿತ್ತು. ಮಸಿಯ ಹದ ಸರಿಯಿದೆಯೇ ಎಂದು ಮೊದಲು ಹಿಂಬಾಗಿಲ ಪಕ್ಕದ ಗೋಡೆಗೆ ಒತ್ತಿ ನೋಡುತ್ತಿದ್ದರು. ನನಗೆ ಹಿಂದಿ ಅಕ್ಷರದ ಪರಿಚಯವಾದದ್ದು ಆ ಗೋಡೆಯಿಂದ, ಮೇಷ್ಟರಿಂದಲ್ಲ. ಮೇಲೆ ಬಳಿದ ಬಣ್ಣವನ್ನು ನಯವಾಗಿ ಹೆರೆದರೆ ಈಗಲೂ ಸಿಗಬಹುದು; ಮೇಸ್ತ್ರಿಯ ಕೈಗೆ ಉಳಿ ಕೊಟ್ಟು ಮಾತ್ರ ಆ ಕೆಲಸ ಮಾಡಿಸಬೇಡಿ.

ವ್ಯಾಪಾರ ನಡೆಯುತ್ತಿದ್ದುದು ಜಗಲಿಯ ಮೇಲೆ. ಇಬ್ಬರು ಟವೆಲಿನ ಕೆಳಗೆ ಕೈ ಹಿಡಿದುಕೊಂಡು ಬೆರಳು ಒತ್ತಿ ದರ ಹೇಳುವರು. ಮಾಲಿನ ಒಡೆಯ, ಅಂದರೆ ರೈತ, ಪಕ್ಕದಲ್ಲಿ ನಿಂತು ಇಬ್ಬರ ಮುಖ ನೋಡುವನು. ಇದನ್ನು ಈಗ ಬಹಳ ಸೊಗಸಾಗಿ ವರ್ಣಿಸುತ್ತಾರೆ. ನನಗೆ ಅದರಲ್ಲಿ ಸೊಗಸೇನೂ ಕಂಡಿಲ್ಲ. 1957ರಲ್ಲಿ ನಯಾ ಪೈಸೆ ಬಂತು, ಮರುವರ್ಷದಿಂದ ಹಂತಹಂತವಾಗಿ ಕಿಲೋ. ಅಪ್ಪ ಕೆಲವು ಕಾಲ ಎಡಗಡೆ ಮಣ, ಬಲಗಡೆ ಕಿಲೋ ಎಂದು ಎರಡನ್ನೂ ಬರೆದರು. ಕಿಲೋದಲ್ಲಿ ಹೇಳಿದರೆ ರೈತರು ‘ಅದಿರಲಿ, ಮಣ ಎಷ್ಟಾಯಿತು ಹೇಳಿ’ ಎನ್ನುತ್ತಿದ್ದರು.

ಮಂಡಿ ನಷ್ಟವಾಗಿ ಮುಚ್ಚಿತು ಎಂದು ನಿಮ್ಮ ಮನೆಯಲ್ಲಿ ಹೇಳಿರಬಹುದು. ಹಾಗಲ್ಲ. 1966ರ ಕೃಷಿ ಉತ್ಪನ್ನ ಮಾರಾಟ ಕಾಯ್ದೆಯ ಪ್ರಕಾರ ಇಂಥ ಮಾಲಿನ ಸಗಟು ವ್ಯಾಪಾರ ನಿಗದಿಯಾದ ಪ್ರಾಂಗಣದಲ್ಲೇ ನಡೆಯಬೇಕಾಯಿತು. ಬೀದಿಯ ಮಂಡಿಗಳು ಒಂದೊಂದಾಗಿ ಅತ್ತ ಹೋದವು, ನಿಮ್ಮ ಅಜ್ಜನೂ ಅಲ್ಲೊಂದು ಮಳಿಗೆ ಹಿಡಿದರು. ವ್ಯಾಪಾರ ಚೆನ್ನಾಗಿಯೇ ಇತ್ತು, ಕಟ್ಟಡ ಮಾತ್ರ ಖಾಲಿಯಾಯಿತು. ಅದನ್ನು ತುಂಬಿದ್ದೂ ಸರ್ಕಾರದ ತೀರ್ಮಾನವೇ. 1969ರ ಜುಲೈನಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡ ಮೇಲೆ ಸಣ್ಣ ಸಣ್ಣ ಊರುಗಳಲ್ಲೂ ಶಾಖೆ ತೆರೆಯುವ ಭರಾಟೆ ಶುರುವಾಯಿತು. ಬೀದಿಗೆ ಮುಖ ಮಾಡಿದ, ಗಟ್ಟಿ ಗೋಡೆಯ, ಎತ್ತಿನ ಗಾಡಿ ನಿಲ್ಲಲು ಜಾಗವಿರುವ ಖಾಲಿ ಕಟ್ಟಡ ನಮ್ಮ ಪೇಟೆಯಲ್ಲಿ ಇನ್ನೊಂದು ಎಲ್ಲಿತ್ತು?

ನಿಮ್ಮ ಕಿಟಕಿಯಿಲ್ಲದ ಕೋಣೆ ಬ್ಯಾಂಕಿನ ಸ್ಟ್ರಾಂಗ್ ರೂಮು. ಹಳೆಯ ಗೋಡೆಯ ಒಳಮೈಗೆ ಸರಳು ಕಟ್ಟಿ ಕಾಂಕ್ರೀಟ್ ಸುರಿದರು. ಪಕ್ಕದ ಅಂಕಣಕ್ಕೆ ರೆಡ್ ಆಕ್ಸೈಡ್ ನೆಲ ಮಾಡಿಸಿ ಮ್ಯಾನೇಜರರನ್ನು ಕೂರಿಸಿದರು. ಗೋಡೆಗೆ ಸುಣ್ಣ ನಿಲ್ಲದೆ ಕೊನೆಗೆ ಹಸಿರು ಆಯಿಲ್ ಪೇಂಟ್ ಬಳಿಸಿದ್ದೂ ಅವರೇ. ಸ್ವಂತ ಕಟ್ಟಡಕ್ಕೆ ಹೋಗುವಾಗ ಉಕ್ಕಿನ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತುಕೊಂಡು ಹೋದರು. ಆ ಕೋಣೆಯ ಬಾಗಿಲವಾಡದ ಇಟ್ಟಿಗೆ ಅಷ್ಟು ಒಡ್ಡೊಡ್ಡಾಗಿರುವುದು ಅದಕ್ಕೆ.

ಬೂತಿನ ಹುಡುಗಿ

ಪ್ಲೈವುಡ್ ಗೂಡು ಎಸ್‌ಟಿಡಿ ಬೂತ್. ಮದುವೆಗೆ ಮೊದಲು ಅಲ್ಲಿ ಕೂತು ಬಿಲ್ಲು ಹರಿದುಕೊಟ್ಟವಳು ನಾನೇ. ಒಳಗೆ ಬಲಗಡೆ ಪೆನ್ಸಿಲ್‌ನಲ್ಲಿ 011, 022, 080 ಎಂದು ಬರೆದಿರುವುದು ನನ್ನ ಕೈಬರಹ. ದೆಹಲಿ, ಮುಂಬೈ, ಬೆಂಗಳೂರು. ಮೇಲೆ ಕೆಂಪು ಅಂಕಿಯ ಮೀಟರು. ಜನ ಮಾತಾಡುವಾಗ ಗೋಡೆ ನೋಡುತ್ತಿರಲಿಲ್ಲ, ಅಂಕಿ ಏರುವುದನ್ನೇ ನೋಡುತ್ತಿದ್ದರು. ರಾತ್ರಿ ತಡವಾದಷ್ಟೂ ದರ ಕಡಿಮೆ. ಹೊರದೇಶದಲ್ಲಿ, ದೂರದಲ್ಲಿ ಮಕ್ಕಳಿರುವವರು ಊಟ ಮುಗಿಸಿ ಬಂದು ಜಗಲಿಯ ಮೇಲೆ ಸಾಲಾಗಿ ಕೂರುತ್ತಿದ್ದರು. ಬೆಳಿಗ್ಗೆಯ ಗಿರಾಕಿಗಳು ಕೊಬ್ಬರಿ ದಲಾಲರು. ಗಾಜಿನ ಬಾಗಿಲು ಎಳೆದುಕೊಂಡು ಗುಟ್ಟಾಗಿ ದೆಹಲಿಯ ದರ ಕೇಳುತ್ತಿದ್ದೇವೆ ಎಂದು ಅವರ ಎಣಿಕೆ. ಆ ಕಡೆಯವರಿಗೆ ಕೇಳಿಸಲೆಂದು ಕೂಗುತ್ತಿದ್ದ ಜೋರಿಗೆ ಎದುರಿನ ಹೂವಿನವರಿಗೂ ದರ ಬಾಯಿಪಾಠ!

ನಾನಿದ್ದಾಗ ಹಿಂದಿನ ಕೋಣೆ ಫೋಟೋದವರ ಕೈಯಲ್ಲಿತ್ತು. ಕಿಟಕಿಯಿಲ್ಲ, ಬೆಳಕಿನ ಒಂದು ಗೆರೆಯೂ ನುಸುಳುವುದಿಲ್ಲ. ಬೇರೆ ಯಾರಿಗೂ ಬೇಡವಾಗಿದ್ದ ಕೋಣೆ ಅವರಿಗೆ ಹೇಳಿ ಮಾಡಿಸಿದಂತಿತ್ತು. ಕಪ್ಪುಬಿಳುಪು ಫೋಟೋ ಕಾಗದಕ್ಕೆ ಕೆಂಪು ಬೆಳಕು ಏನೂ ಮಾಡುವುದಿಲ್ಲ, ಅದಕ್ಕೇ ಆ ಬಲ್ಬು. ತೊಟ್ಟಿ ಪ್ರಿಂಟು ತೊಳೆಯಲು, ನೀರು ಹಿಂದಿನ ಬಾವಿಯದು. ಎಸ್ಸೆಸ್ಸೆಲ್ಸಿ ಅರ್ಜಿಗೆ ಫೋಟೋ ಬೇಕಾದ ವಾರ ಬೀದಿಯವರೆಗೆ ಹೈಪೊ ವಾಸನೆ ಬರುತ್ತಿತ್ತು. ಬಣ್ಣದ ಫೋಟೋ ಬಂದ ಮೇಲೆ ರೋಲನ್ನು ದೊಡ್ಡ ಊರಿನ ಲ್ಯಾಬಿಗೆ ಬಸ್ಸಿನಲ್ಲಿ ಕಳಿಸತೊಡಗಿದರು. ಆ ಕೋಣೆಗೆ ಕೆಲಸವಿಲ್ಲದಾಯಿತು.

ಸಂತೆ ಮೈದಾನ

ನಾಲ್ಕು ಬೋಲ್ಟು ಹಿಟ್ಟಿನ ಗಿರಣಿಯವು. ನಮ್ಮ ಅಜ್ಜಿ ಅಲ್ಲಿಗೇ ರಾಗಿ ಕೊಂಡೊಯ್ಯುತ್ತಿದ್ದರು. ಗಿರಣಿ ಬ್ಯಾಂಕಿಗಿಂತ ಮೊದಲೇ ಇತ್ತು, ಗುಮಾಸ್ತರ ಮಗ ಅದನ್ನು ಬಿಟ್ಟಿದ್ದಾರೆ.

ಗುಮಾಸ್ತರ ಮಗ

ಗಿರಣಿ ಹೌದು. ಮೊದಲು ಎಂಬುದು ಅಲ್ಲ. ಮೊಮ್ಮಗಳು ಆ ಸಿಮೆಂಟ್ ಕಟ್ಟೆಯ ಬುಡವನ್ನು ಟಾರ್ಚ್ ಹಾಕಿ ನೋಡಲಿ. ರೆಡ್ ಆಕ್ಸೈಡ್ ನೆಲ ಕಟ್ಟೆಯ ಅಡಿಗೆ ಹೋಗಿದೆಯೇ, ಕಟ್ಟೆಯ ಸುತ್ತ ನಿಂತಿದೆಯೇ? ಅಡಿಗೆ ಹೋಗಿದ್ದರೆ ನೆಲ ಮೊದಲು, ಗಿರಣಿ ಆಮೇಲೆ. ಮ್ಯಾನೇಜರರು ಕೂತಿದ್ದ ಜಾಗದಲ್ಲೇ ಮೆಣಸಿನಪುಡಿ ಹಾರುತ್ತಿದ್ದುದನ್ನು ನಾನು ಕಣ್ಣಾರೆ, ಮೂಗಾರೆ ಬಲ್ಲೆ. ನಿಮ್ಮ ಅಜ್ಜಿ ಹೋಗುತ್ತಿದ್ದುದು ಕೆರೆ ಏರಿಯ ಪಕ್ಕದ ಹಳೆಯ ಗಿರಣಿಗೆ ಇರಬೇಕು.

ಪೇಟೆಬೀದಿ ಮೊಮ್ಮಗಳು

ಈಗಷ್ಟೇ ಹೋಗಿ ನೋಡಿಬಂದೆ. ಕಟ್ಟೆಯ ಒಂದು ಮೂಲೆ ಒಡೆದಿದೆ, ಅದರ ಕೆಳಗೆ ಕೆಂಪು ನೆಲ ನುಣುಪಾಗಿ ಹಾಗೇ ಇದೆ! ಯಜಮಾನರೇ, ಇದನ್ನೆಲ್ಲ ಕಾಗದದಲ್ಲಿ ಸಾಬೀತು ಮಾಡಲು ಏನಾದರೂ ದಾರಿ ಇದೆಯೇ? ಇನ್ನೊಂದು: ಫೋಟೋದವರ ಬಾಡಿಗೆ ಅಷ್ಟು ವರ್ಷ ಏಕೆ ಏರಲೇ ಇಲ್ಲ? ಅಜ್ಜನ ಪುಸ್ತಕದಲ್ಲಿ ಪುಟದಿಂದ ಪುಟಕ್ಕೆ ಅದೇ ಮೊತ್ತವಿದೆ.

ಗಾರೆ ಕೆಲಸ

ಗೋಡೆಯ ಮೇಲಿನ ಮೀಟರ್ ಬೋರ್ಡುಗಳನ್ನು ಮೊದಲು ನೋಡಿ. ಒಂದೊಂದು ಆರ್.ಆರ್. ಸಂಖ್ಯೆಯೂ ಒಂದೊಂದು ಸಂಪರ್ಕ. ಗಿರಣಿಯದು ವಿದ್ಯುತ್ ಕಚೇರಿಯ ದಾಖಲೆಯಲ್ಲಿ ಬೇರೆ ದರಪಟ್ಟಿಯಲ್ಲಿ ಇರುತ್ತದೆ, ಯಾವಾಗ ಕೊಟ್ಟಿದ್ದು ಎಂಬುದು ಅಲ್ಲಿ ಸಿಕ್ಕೀತು. ಪುರಸಭೆಯ ಹಳೆಯ ತೆರಿಗೆ ವಹಿಯಲ್ಲಿ ಬಾಡಿಗೆದಾರರ ಹೆಸರೂ ಇರುವುದುಂಟು. ಋಣಭಾರ ಪ್ರಮಾಣಪತ್ರದಿಂದ ಇದಕ್ಕೆ ಹೆಚ್ಚು ಉಪಯೋಗವಿಲ್ಲ, ಅದರಲ್ಲಿ ನೋಂದಣಿಯಾದ ಪತ್ರಗಳು ಮಾತ್ರ ಬರುತ್ತವೆ. ಬ್ಯಾಂಕಿನ ಬಾಡಿಗೆ ಕರಾರು ನೋಂದಣಿಯಾಗಿದ್ದರೆ ಅದೊಂದು ಸಿಗಬಹುದು.

ಗುಮಾಸ್ತರ ಮಗ

ಬಾಡಿಗೆ ಏರದಿದ್ದುದಕ್ಕೆ ನಿಮ್ಮ ಅಜ್ಜನ ಔದಾರ್ಯ ಕಾರಣವೆಂದು ದಯವಿಟ್ಟು ಬರೆಯಬೇಡಿ. ಅವರು ಒಳ್ಳೆಯವರೇ, ಆದರೆ ಆ ವಿಷಯದಲ್ಲಿ ಬೈದುಕೊಂಡೇ ಇದ್ದರು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯಡಿ ಮನಸ್ಸಿಗೆ ಬಂದಂತೆ ಬಾಡಿಗೆ ಏರಿಸುವುದೂ ಕಷ್ಟ, ಬಿಡಿಸುವುದು ಇನ್ನೂ ಕಷ್ಟ. ಏರದ ಬಾಡಿಗೆಯಿಂದ ಮಾಡು ರಿಪೇರಿ ಮಾಡಿಸಲು ಯಾವ ಯಜಮಾನ ಮುಂದಾಗುತ್ತಾನೆ? ಹಜಾರದ ಮೂಲೆಯ ತೊಲೆ ಗೆದ್ದಲು ಹಿಡಿದದ್ದು ಆ ವರ್ಷಗಳಲ್ಲಿ. ಆದರೆ ಇನ್ನೊಂದು ಮಾತೂ ಇದೆ. ಸಲೀಸಾಗಿ ಬಿಡಿಸಿಕೊಳ್ಳಲು ಬಂದಿದ್ದರೆ ಅಲ್ಲಿ ಎಂದೋ ಮೂರಂತಸ್ತಿನ ಲಾಡ್ಜ್ ಎದ್ದಿರುತ್ತಿತ್ತು. ನೀವು ಕೊಕ್ಕೆ, ಬೋಲ್ಟು ಎಂದು ಕೇಳಲು ಏನೂ ಉಳಿದಿರುತ್ತಿರಲಿಲ್ಲ.

ಮುಂಭಾಗ ಒಡೆಯುವ ಮೊದಲು ಹೊಸ್ತಿಲನ್ನು ನೋಡಿಕೊಳ್ಳಿ. ಉದ್ದಕ್ಕೂ ಒಂದು ಕಾಲುವೆ ಕೊರೆದಿದೆ, ಮೇಲಿನ ಪಟ್ಟಿಯಲ್ಲೂ ಅಂಥದೇ. ರೋಲಿಂಗ್ ಷಟರ್ ಹಾಕಿಸುವ ಮೊದಲು ಅಲ್ಲಿ ಹಲಗೆ ಬಾಗಿಲಿತ್ತು: ದಿನಾ ರಾತ್ರಿ ಒಂದೊಂದೇ ಹಲಗೆ ಇಳಿಸಿ ಸರಿಸುತ್ತ ಹೋಗಿ, ಕೊನೆಯದಕ್ಕೆ ಬೀಗ. ಅದಲುಬದಲಾದರೆ ಕೂರುವುದಿಲ್ಲವೆಂದು ಪ್ರತಿಯೊಂದರ ನೆತ್ತಿಯಲ್ಲೂ ಕನ್ನಡ ಅಂಕಿ ಕೊರೆದಿದ್ದರು. ಅವು ನಿಮ್ಮ ಅಟ್ಟದಲ್ಲೇ ಇರಬೇಕು, ತೇಗದವು, ಹಳೆಯ ಮರದ ವ್ಯಾಪಾರಿಗೆ ತೋರಿಸಲೇಬೇಡಿ. ಎಣಿಸಿದರೆ ಏಳನೆಯದು ಇರುವುದಿಲ್ಲ. ಷಟರ್ ಹಾಕಿಸಿದ ದಿನ ಅಪ್ಪ ಅದನ್ನು ಕೇಳಿ ತಂದರು, ನಮ್ಮ ಮನೆಯಲ್ಲಿದೆ. ಬಂದು ಒಯ್ಯಿರಿ, ನನ್ನ ಅಭ್ಯಂತರವಿಲ್ಲ. ಒಂದು ದಿನ ಮೊದಲೇ ತಿಳಿಸಿ. ಅದರ ಮೇಲೆ ಕಾಯಿ ರಾಶಿ ಹಾಕಿದ್ದೇವೆ, ಇಳಿಸಲು ಆಳು ಕರೆಯಬೇಕು.