ಆಕ್ಸಿಮೀಟರ್ 97 ತೋರಿಸುತ್ತೆ, ಆದ್ರೂ ಮಲಗಿದರೆ ದಮ್ಮು ಕಟ್ಟುತ್ತೆ. ಯಾಕೆ?

ಪ್ರಶ್ನೆ (ಇಳಕಲ್‌ನ ಸದಸ್ಯರು):
ನಮಸ್ಕಾರ ಮೇಡಂ. ನಮ್ಮ ತಂದೆಗೆ 61 ವರ್ಷ, ಮಗ್ಗದ ಕೆಲಸ ಮಾಡುತ್ತಿದ್ದರು. ಹೋದ ವರ್ಷ ಕೈಯಲ್ಲಿ ಶಕ್ತಿ ಕಡಿಮೆಯಾಗಿ ಲಾಳಿ ಹೊಡೆಯೋಕೂ ಆಗದಂತಾಯಿತು. ತೋರಿಸಿದಾಗ ಮೋಟಾರ್ ನ್ಯೂರಾನ್ ಕಾಯಿಲೆ, ಅಂದರೆ ಸ್ನಾಯು ಆಡಿಸುವ ನರಗಳು ಸಾಯುತ್ತಾ ಹೋಗುವ ಕಾಯಿಲೆ ಅಂದರು. ಈಗ ಕೆಲವು ವಾರಗಳಿಂದ ಅಂಗಾತ ಮಲಗಿದರೆ ದಮ್ಮು ಕಟ್ಟಿದ ಹಾಗಾಗುತ್ತೆ ಅಂತಾರೆ. ರಾತ್ರಿಯಿಡೀ ಗೋಡೆಗೆ ಒರಗಿ ಕೂತೇ ನಿದ್ದೆ. ಬೆಳಗ್ಗೆ ಎದ್ದರೆ ತಲೆನೋವು, ಮಧ್ಯಾಹ್ನ ಮಾತಾಡುತ್ತಲೇ ತೂಕಡಿಸುತ್ತಾರೆ. ಇಸಿಜಿ, ಎಕೋ, ಎಕ್ಸ್‌ರೇ ಎಲ್ಲ ಸರಿ ಇವೆ. ಆಕ್ಸಿಮೀಟರ್ 96, 97 ತೋರಿಸುತ್ತೆ. ಆಕ್ಸಿಜನ್ ಮಷಿನ್ ಬಾಡಿಗೆಗೆ ತರೋಣ ಅಂತಾರೆ ನಮ್ಮ ಮಾವ. ತರಬಹುದಾ?

ಉತ್ತರ (ಶ್ವಾಸಕೋಶ ತಜ್ಞೆ, ಬೆಳಗಾವಿ):
ನಮಸ್ಕಾರ. ಮಷಿನ್ ಸದ್ಯಕ್ಕೆ ತರಬೇಡಿ. ಮೊದಲು ತಂದೆಯವರನ್ನು ಇದೇ ವಾರ ಶ್ವಾಸಕೋಶ ತಜ್ಞರಿಗೆ ತೋರಿಸಿ. ಯಾಕೆ ಅಂತ ಹೇಳ್ತೀನಿ.

ಪುಪ್ಪುಸ ತಾನಾಗಿ ಗಾಳಿ ಎಳೆದುಕೊಳ್ಳುವುದಿಲ್ಲ. ಕಮ್ಮಾರನ ತಿದಿ ಇದ್ದ ಹಾಗೆ, ಅದನ್ನು ಯಾರಾದರೂ ಎಳೆಯಬೇಕು. ಆ ಕೆಲಸದ ದೊಡ್ಡ ಪಾಲು ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯದ್ದು. ನಿಮ್ಮ ತಂದೆಯವರ ಕೈಯಲ್ಲಿ ಶಕ್ತಿ ತೆಗೆದ ಕಾಯಿಲೆ ಈ ಸ್ನಾಯುವನ್ನೂ ಬಿಡುವುದಿಲ್ಲ. ಎಕ್ಸ್‌ರೇ, ಎಕೋ ಸರಿ ಬಂದದ್ದರಲ್ಲಿ ಆಶ್ಚರ್ಯ ಇಲ್ಲ, ತೊಂದರೆ ಇರೋದು ಅಲ್ಲಲ್ಲ.

ಕೂತಾಗ ಹೊಟ್ಟೆಯ ಭಾರ ಕೆಳಗೆ ಇಳಿದಿರುತ್ತೆ. ಮಲಗಿದ ಕೂಡಲೇ ಅದು ವಪೆಯನ್ನು ಮೇಲಕ್ಕೆ ಒತ್ತುತ್ತೆ. ಗಟ್ಟಿ ವಪೆಗೆ ಇದು ಲೆಕ್ಕಕ್ಕೇ ಇಲ್ಲ, ಸೋತ ವಪೆಗೆ ಆಗೋದಿಲ್ಲ. ಮನೆಯಲ್ಲೇ ಒಂದು ನೋಡಿ: ಅವರಿಗೆ ಆಗುವಷ್ಟು ಹೊತ್ತು ಮಾತ್ರ ಅಂಗಾತ ಮಲಗಿಸಿ, ಹೊಟ್ಟೆ ಗಮನಿಸಿ. ಉಸಿರು ಒಳಗೆ ಎಳೆದಾಗ ಹೊಟ್ಟೆ ಉಬ್ಬಬೇಕು. ಉಬ್ಬುವ ಬದಲು ಒಳಗೆ ಹೋಗುತ್ತಿದ್ದರೆ ವಪೆ ಸೋತಿದೆ ಅನ್ನೋದಕ್ಕೆ ಅದು ಬಲವಾದ ಗುರುತು.

ರಾತ್ರಿ ಇನ್ನೂ ಕಷ್ಟ. ಕನಸು ಬೀಳುವ ನಿದ್ದೆಯಲ್ಲಿ ಕುತ್ತಿಗೆ, ಪಕ್ಕೆಲುಬಿನ ಸ್ನಾಯುಗಳು ಸಡಿಲ ಬೀಳುತ್ತವೆ. ಆಗ ಇಡೀ ಹೊರೆ ವಪೆಯ ಮೇಲೆ. ಉಸಿರಿನ ಆಳ ಕಡಿಮೆಯಾಗಿ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗದೆ ರಕ್ತದಲ್ಲಿ ಸೇರುತ್ತೆ. ಬೆಳಗಿನ ತಲೆನೋವು, ಮಧ್ಯಾಹ್ನದ ತೂಕಡಿಕೆ ಎರಡೂ ಅದರದ್ದೇ ಇರಬಹುದು. ಆಕ್ಸಿಮೀಟರ್‌ಗೆ ಇದು ಕಾಣೋದೇ ಇಲ್ಲ, ಅದು ಆಕ್ಸಿಜನ್ ಮಾತ್ರ ನೋಡುತ್ತೆ. ಈ ಕಾಯಿಲೆಯಲ್ಲಿ ಆಕ್ಸಿಜನ್ ಇಳಿಯೋದು ತಡವಾಗಿ. ಬರೀ ಆಕ್ಸಿಜನ್ ಕೊಟ್ಟರೆ ನಂಬರ್ ಚಂದ ಕಾಣುತ್ತೆ, ಕಾರ್ಬನ್ ಡೈಆಕ್ಸೈಡ್ ಮಾತ್ರ ಇನ್ನೂ ಏರಬಹುದು. ನಿದ್ದೆ ಮಾತ್ರೆಯೂ ಹಾಗೇ, ಯಾರಾದರೂ ಕೊಟ್ಟಿದ್ದರೆ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಕೇಳಿ.

ಶ್ವಾಸಕೋಶ ತಜ್ಞರ ಹತ್ತಿರ ಊದಿಸುವ ಪರೀಕ್ಷೆ ಮಾಡುತ್ತಾರೆ, ಅದನ್ನು ಕೂತೂ ಮಲಗಿಯೂ ಮಾಡಿಸಿ. ಮಲಗಿದಾಗ ಊದುವ ಗಾಳಿ ಶೇ. 20ಕ್ಕಿಂತ ಜಾಸ್ತಿ ಇಳಿದರೆ ವಪೆಯ ಮೇಲೆ ಬಲವಾದ ಅನುಮಾನ. ಜೊತೆಗೆ ಎಬಿಜಿ, ಅಂದರೆ ಅಪಧಮನಿಯ ರಕ್ತದಲ್ಲಿ ಅನಿಲಗಳನ್ನು ಅಳೆಯುವ ಪರೀಕ್ಷೆ. ಅದರಲ್ಲಿ ಕಾರ್ಬನ್ ಡೈಆಕ್ಸೈಡ್ 45 ದಾಟಿರಬಾರದು. ದಾಟಿದ್ದರೆ ಸಾಮಾನ್ಯವಾಗಿ ಬೈಪ್ಯಾಪ್ ಬೇಕಾಗುತ್ತೆ. ಅದು ಮಾಸ್ಕ್ ಮೂಲಕ ಪ್ರತಿ ಉಸಿರಿಗೂ ಗಾಳಿ ತಳ್ಳಿಕೊಡುವ ಯಂತ್ರ. 2006ರಲ್ಲಿ ಬಂದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ, ಈ ಕಾಯಿಲೆಯವರ ಪೈಕಿ ಬಾಯಿ, ಗಂಟಲಿನ ಸ್ನಾಯು ತೀರಾ ಸೋಲದವರಿಗೆ ಬೈಪ್ಯಾಪ್‌ನಿಂದ ಆಯಸ್ಸು ಸುಮಾರು ಏಳು ತಿಂಗಳು ಹೆಚ್ಚಿತ್ತು, ನಿದ್ದೆಯೂ ಸುಧಾರಿಸಿತ್ತು. ಕಾಯಿಲೆ ವಾಸಿಯಾಗುತ್ತೆ ಅಂತ ಹೇಳೋಕೆ ಆಗಲ್ಲ. ಆದರೆ ಮಲಗಿ ನಿದ್ದೆ ಮಾಡೋದೇ ದೊಡ್ಡ ವಿಷಯ ಅಲ್ವಾ?

ಒಂದು ವಾಕ್ಯ ಪೂರ್ತಿ ಮಾಡೋಕೆ ಆಗದಿದ್ದರೆ, ಮಾತು ಗಲಿಬಿಲಿಯಾದರೆ, ಎಬ್ಬಿಸಿದರೂ ಏಳದಿದ್ದರೆ ವಾರ ಕಾಯಬೇಡಿ. ಅಲ್ಲಿಂದಲೇ 108ಕ್ಕೆ ಫೋನ್ ಮಾಡಿ.

ಇಳಕಲ್‌ನ ಸದಸ್ಯರು:
ಮೇಡಂ, ಹೊಟ್ಟೆ ನೋಡಿದೆ. ನೀವು ಹೇಳಿದ ಹಾಗೇ ಒಳಗೆ ಹೋಗುತ್ತಿದೆ. ನಾಳೆಯೇ ಬಾಗಲಕೋಟೆಗೆ ಕರೆದುಕೊಂಡು ಹೋಗ್ತೀವಿ. ನಮ್ಮಲ್ಲಿ ಕರೆಂಟ್ ಹೋಗುತ್ತಿರುತ್ತೆ, ಬೈಪ್ಯಾಪ್ ನಡೆಯುತ್ತಾ? ಪ್ರಾಣಾಯಾಮ ಮಾಡಿಸಿದರೆ ಸ್ನಾಯು ಗಟ್ಟಿಯಾಗುತ್ತಾ?

ಉತ್ತರ:
ಇನ್ವರ್ಟರ್ ಇರಲಿ, ಇಲ್ಲದಿದ್ದರೆ ಬ್ಯಾಟರಿ ಇರುವ ಬೈಪ್ಯಾಪ್ ಕೇಳಿ. ಮಾಸ್ಕ್ ಮೂಗಿಗೆ ಸರಿ ಕೂರುವುದು ಮುಖ್ಯ, ಅಂಗಡಿಯಲ್ಲಿ ಒತ್ತಾಯಕ್ಕೆ ಸಿಕ್ಕಿದ್ದನ್ನು ತರಬೇಡಿ. ಪ್ರಾಣಾಯಾಮದಿಂದ ಸತ್ತ ನರ ಮತ್ತೆ ಬರೋದಿಲ್ಲ. ಸುಮ್ನೆ ನಿಧಾನ ಉಸಿರಾಟ ಮಾಡಲಿ, ಮನಸ್ಸಿಗೆ ಹಿತ. ಉಸಿರು ಬಿಗಿಹಿಡಿಯುವುದು, ಕಪಾಲಭಾತಿ ಬೇಡ, ಸೋತ ಸ್ನಾಯು ಇನ್ನೂ ಸೋಲುತ್ತೆ.

ಪ್ರಶ್ನೆ (ಸಿಂದಗಿಯ ಸದಸ್ಯೆ):
ಮೇಡಂ, ನನ್ನ ತಮ್ಮನಿಗೆ ಡುಶೇನ್, ಸ್ನಾಯುಗಳು ಸೋಲುತ್ತಾ ಹೋಗುವ ಹುಟ್ಟು ಕಾಯಿಲೆ. 15 ವರ್ಷ, ಗಾಲಿಕುರ್ಚಿಯಲ್ಲಿದ್ದಾನೆ. ಉಸಿರಿಗೆ ಏನೂ ತೊಂದರೆ ಇಲ್ಲ, ಆದರೆ ನೆಗಡಿ ಬಂದರೆ ಕಫ ಹೊರಗೆ ಬರಲ್ಲ, ವಾರಗಟ್ಟಲೆ ಗೊರಗೊರ.

ಉತ್ತರ:
ಕೆಮ್ಮೋಕೂ ಅದೇ ಸ್ನಾಯುಗಳೇ ಬೇಕು ತಂಗಿ. ಮೊದಲು ದೊಡ್ಡ ಉಸಿರು ಎಳೆಯಬೇಕು, ಆಮೇಲೆ ಹೊಟ್ಟೆಯ ಸ್ನಾಯು ಜೋರಾಗಿ ತಳ್ಳಬೇಕು. ಕೆಮ್ಮಿನ ವೇಗ ಅಳೆಯಬಹುದು. ದೊಡ್ಡವರಲ್ಲಿ ನಿಮಿಷಕ್ಕೆ 270 ಲೀಟರ್‌ಗಿಂತ ಕಡಿಮೆಯಿದ್ದರೆ ನೆಗಡಿಯೂ ನ್ಯುಮೋನಿಯಾ ಆಗಬಹುದು, 160ಕ್ಕಿಂತ ಕಡಿಮೆಯಾದರೆ ಕಫ ಬರೋದೇ ಕಷ್ಟ. ಆಂಬು ಬ್ಯಾಗ್‌ನಿಂದ (ಕೈಯಲ್ಲಿ ಒತ್ತಿ ಗಾಳಿ ಕೊಡುವ ಚೀಲ) ಉಸಿರಿನ ಮೇಲೆ ಉಸಿರು ತುಂಬಿಸಿ, ಆಮೇಲೆ ಕೆಮ್ಮುವಾಗ ಹೊಟ್ಟೆ ಒತ್ತಿಕೊಡುವುದನ್ನು ಫಿಸಿಯೊಥೆರಪಿಸ್ಟ್ ಕಲಿಸುತ್ತಾರೆ. ನೀವೂ ಅವ್ವನೂ ಇಬ್ಬರೂ ಕಲಿಯಿರಿ, ಒಬ್ಬರೇ ಕಲಿತರೆ ಅವರು ಊರಲ್ಲಿ ಇಲ್ಲದ ದಿನವೇ ನೆಗಡಿ ಬರುತ್ತೆ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ ಹಾಕಿಸಿ. ಹಲ್ಲು ಕೀಳೋದು, ಆಪರೇಷನ್ ಏನೇ ಇದ್ದರೂ ಅರಿವಳಿಕೆ ಕೊಡುವವರಿಗೆ ಡುಶೇನ್ ಅಂತ ಮೊದಲೇ ಹೇಳಿ. ಕೆಲವು ಅರಿವಳಿಕೆ ಔಷಧಿಗಳು ಈ ಮಕ್ಕಳಿಗೆ ಅಪಾಯ.