ಎಲೆಕ್ಟ್ರಿಕ್ ಸೈಕಲ್‌ಗೆ ಮೋಟರ್ ಇದ್ದಮೇಲೆ ಪೆಡಲ್ ಯಾಕೆ?

ಸುಮ್ನೆ ಸವಾರ: ಗೆಳೆಯನ ಎಲೆಕ್ಟ್ರಿಕ್ ಸೈಕಲ್ ಓಡಿಸಿ ನೋಡಿದೆ. ಕಾಲಿಗೆ ಒಂಚೂರೂ ಭಾರ ಬೀಳಲಿಲ್ಲ. ಪೆಡಲನ್ನು ಖಾಲಿ ತಿರುಗಿಸುತ್ತಾ ಕೂತರೂ ಮೋಟರ್ ಎಳೆದುಕೊಂಡು ಹೋಗುತ್ತದೆ. ಹಾಗಿದ್ದಮೇಲೆ ಈ ನಾಟಕ ಯಾಕೆ? ಸ್ಕೂಟರ್‌ನ ಹಾಗೆ ಕೈಯಲ್ಲೇ ಥ್ರಾಟಲ್ ಕೊಟ್ಟರೆ ಮುಗಿಯಿತಲ್ವಾ?

ಹಳೇ ಚೈನು: ನೀವು ಓಡಿಸಿದ್ದು ಕೇಡೆನ್ಸ್ ಸೆನ್ಸರ್ ಇರುವ ಸೈಕಲ್. ಪೆಡಲ್ ಅಚ್ಚಿನ ಹತ್ತಿರ ಸಣ್ಣ ಆಯಸ್ಕಾಂತಗಳಿರುವ ಒಂದು ಬಿಲ್ಲೆ, ಪಕ್ಕದಲ್ಲಿ ಸೆನ್ಸರ್. ಆಯಸ್ಕಾಂತ ಹಾದುಹೋದರೆ ಪೆಡಲ್ ತಿರುಗುತ್ತಿದೆ ಅಂತ ಕಂಟ್ರೋಲರ್‌ಗೆ ಗೊತ್ತಾಗುತ್ತದೆ. ನೀವು ಎಷ್ಟು ಬಲ ಹಾಕಿದಿರಿ ಅನ್ನುವುದು ಗೊತ್ತಾಗುವುದಿಲ್ಲ. ಹಾಗಾಗಿ ನೀವು ಆರಿಸಿದ ಸಹಾಯದ ಮಟ್ಟಕ್ಕೆ ಎಷ್ಟೋ ಅಷ್ಟು ಕರೆಂಟ್ ಬಿಡುತ್ತದೆ.

ಟಾರ್ಕ್ ಸೆನ್ಸರ್ ಇರುವುದನ್ನು ಓಡಿಸಿ, ಆಮೇಲೆ ಮಾತಾಡೋಣ. ನೀವು ತುಳಿದಾಗ ಲೋಹದ ಅಚ್ಚು ಕಣ್ಣಿಗೆ ಕಾಣದಷ್ಟು ತಿರುಚಿಕೊಳ್ಳುತ್ತದೆ. ಅದನ್ನೇ ಅಳೆದು ಮೋಟರ್ ಬಲ ಕೊಡುತ್ತದೆ. ಜೋರಾಗಿ ತುಳಿದರೆ ಜೋರು, ಮೆಲ್ಲಗೆ ತುಳಿದರೆ ಮೆಲ್ಲಗೆ. ಖಾಲಿ ತಿರುಗಿಸಿದರೆ ಹೆಚ್ಚೇನೂ ಸಿಗುವುದಿಲ್ಲ.

ಗೇರ್ ಗಿರಿಜಾ: ಟಾರ್ಕ್ ಸೆನ್ಸರ್ ಹೊಗಳುವವರೆಲ್ಲ ಮಂಡಿ ಗಟ್ಟಿ ಇರುವವರೇ! ಸಹಾಯ ಬೇಕಾದರೆ ಮೊದಲು ಬಲ ಹಾಕಬೇಕು ಅಂದರೆ, ಬಲ ಹಾಕಲು ಆಗದವರು ಏನು ಮಾಡಬೇಕು? ನನ್ನಂಥವರಿಗೆ ಕೇಡೆನ್ಸ್ ಸೆನ್ಸರೇ ವಾಸಿ. ಅಗ್ಗ ಕೂಡ.

ಹಳೇ ಚೈನು: ಗಿರಿಜಾ ಅವರೇ, ಸಹಾಯದ ಮಟ್ಟ ಏರಿಸಿಕೊಂಡರೆ ಟಾರ್ಕ್ ಸೆನ್ಸರ್ ಕೂಡ ಸಣ್ಣ ತುಳಿತಕ್ಕೇ ಜಾಸ್ತಿ ಬಲ ಕೊಡುತ್ತದೆ. ಮಂಡಿಗೆ ನಿಜವಾದ ಕಷ್ಟ ನಿಂತಲ್ಲಿಂದ ಹೊರಡುವಾಗ. ಕೇಡೆನ್ಸ್ ಸೆನ್ಸರ್‌ಗೆ ಪೆಡಲ್ ಸ್ವಲ್ಪ ತಿರುಗಿದ ಮೇಲೇ ಎಚ್ಚರ. ಅಷ್ಟರವರೆಗೆ ಭಾರದ ಸೈಕಲನ್ನು ನೀವೇ ತಳ್ಳಬೇಕು, ಆಮೇಲೆ ಅದು ಒಮ್ಮೆಲೇ ಮುನ್ನುಗ್ಗುತ್ತದೆ. ತುಳಿಯುವುದು ನಿಲ್ಲಿಸಿದ ಮೇಲೂ ಒಂದು ಕ್ಷಣ ತಳ್ಳುವ ಸೈಕಲ್‌ಗಳಿವೆ. ಅದಕ್ಕೇ ಬ್ರೇಕ್ ಲಿವರ್‌ನಲ್ಲಿ ಮೋಟರ್ ಕಟ್ ಮಾಡುವ ಸ್ವಿಚ್ ಇಟ್ಟಿರುತ್ತಾರೆ.

ಗೇರ್ ಗಿರಿಜಾ: ಹೊರಡುವಾಗಿನ ಕಷ್ಟ ಒಪ್ಪಿದೆ. ಅದಕ್ಕೇ ನಾನು ಹೊರಡಲು ಥ್ರಾಟಲ್, ಆಮೇಲೆ ಪೆಡಲ್ ಅನ್ನುವ ಪಕ್ಷ.

ಲೆಕ್ಕದ ಮೇಷ್ಟ್ರು: ಪೆಡಲ್ ನಾಟಕ ಅಂದವರಿಗೆ ಒಂದು ಲೆಕ್ಕ. ಸವಾರ, ಸೈಕಲ್ ಸೇರಿ 105 ಕೆಜಿ. ರಸ್ತೆ 100 ಮೀಟರ್‌ಗೆ 5 ಮೀಟರ್ ಏರುತ್ತದೆ. ವೇಗ ಗಂಟೆಗೆ 15 ಕಿ.ಮೀ. ಏರಿಗೇ ಸುಮಾರು 215 ವ್ಯಾಟ್ ಬೇಕು. ಗಾಳಿ, ಟೈರಿನ ತಡೆ ಸೇರಿದರೆ 250 ದಾಟುತ್ತದೆ, 250 ಅಂತಲೇ ಇಟ್ಟುಕೊಳ್ಳಿ. ನೀವು 100 ವ್ಯಾಟ್ ತುಳಿದರೆ ಮೋಟರ್ ಪಾಲು 150. ಕಾಲು ಎತ್ತಿಕೊಂಡು ಕೂತರೆ ಪೂರ್ತಿ 250. ಬ್ಯಾಟರಿ 500 ವ್ಯಾಟ್-ಅವರ್, ಅದರಲ್ಲಿ ಐದನೇ ಒಂದು ಪಾಲು ಶಾಖವಾಗಿ ಹೋಗುತ್ತದೆ ಅನ್ನಿ. ತುಳಿದರೆ ಎರಡೂವರೆ ಗಂಟೆ ಮೀರಿ ಬರುತ್ತದೆ, ತುಳಿಯದಿದ್ದರೆ ಒಂದೂವರೆ ಗಂಟೆ ಚಿಲ್ಲರೆ. ಅಷ್ಟು ಉದ್ದದ ಏರನ್ನು ಯಾರೂ ಹತ್ತುವುದಿಲ್ಲ ಬಿಡಿ.

ಸುಮ್ನೆ ಸವಾರ: ಮೇಷ್ಟ್ರೇ, ಹಾಗಾದರೆ ದೊಡ್ಡ ಬ್ಯಾಟರಿ ಹಾಕಿದರಾಯ್ತು!

ಒಂಟಿ ಗಾಲಿ: ಬ್ಯಾಟರಿ, ಮೋಟರ್ ಎರಡನ್ನೂ ದೊಡ್ಡದು ಮಾಡುತ್ತಾ ಹೋದರೆ ಅದು ಮೋಪೆಡ್. ಆ ಗೆರೆ ಎಲ್ಲಿ ಅನ್ನುವುದನ್ನು ದೇಶ ದೇಶಗಳು ಬೇರೆ ಬೇರೆ ಕಡೆ ಎಳೆದಿವೆ. ಯುರೋಪಿನ ಒಕ್ಕೂಟದಲ್ಲಿ ಸೈಕಲ್ ಅನ್ನಿಸಿಕೊಳ್ಳಬೇಕಾದರೆ ಮೋಟರ್ ಸತತ ಬಲ 250 ವ್ಯಾಟ್ ಮೀರಬಾರದು, ತುಳಿದಾಗ ಮಾತ್ರ ನಡೆಯಬೇಕು, ಗಂಟೆಗೆ 25 ಕಿ.ಮೀ.ಗೆ ಸಹಾಯ ನಿಲ್ಲಬೇಕು. ಜಪಾನಿನಲ್ಲಿ ಇನ್ನೂ ಬಿಗಿ. ಗಂಟೆಗೆ 10 ಕಿ.ಮೀ.ವರೆಗೆ ಮೋಟರ್ ನಿಮ್ಮ ಕಾಲಿನ ಬಲದ ಎರಡರಷ್ಟು ಕೊಡಬಹುದು, ಅಲ್ಲಿಂದ ಇಳಿಯುತ್ತಾ 24ಕ್ಕೆ ಸೊನ್ನೆ. ತುಳಿತ ಅಳೆದು ಬಲ ಸೇರಿಸುವ ಸೈಕಲನ್ನು ಯಮಹಾ 1993ರಲ್ಲಿ ಮಾರಾಟಕ್ಕೆ ತಂದದ್ದೂ ಅಲ್ಲೇ. ಅಮೆರಿಕದ ಹಲವು ರಾಜ್ಯಗಳು ಥ್ರಾಟಲ್‌ಗೂ ಒಂದು ವರ್ಗ ಮಾಡಿವೆ, ಗಂಟೆಗೆ 32 ಕಿ.ಮೀ.ವರೆಗೆ. ಗಿರಿಜಾ ಅವರಿಗೆ ಅದು ಇಷ್ಟವಾಗಬಹುದು.

ಅದಿರಲಿ, ಸೆನ್ಸರ್ ಜಗಳದಲ್ಲಿ ಮೋಟರ್ ಎಲ್ಲಿದೆ ಅಂತ ಯಾರೂ ಕೇಳಲೇ ಇಲ್ಲ. ಗಾಲಿಯ ನಡುವೆ ಕೂರುವ ಹಬ್ ಮೋಟರ್ ಗಾಲಿಯನ್ನು ನೇರವಾಗಿ ತಿರುಗಿಸುತ್ತದೆ. ನೀವು ಗೇರ್ ಬದಲಿಸಿದರೆ ಹಗುರವಾಗುವುದು ನಿಮ್ಮ ಕಾಲಿಗೆ ಮಾತ್ರ. ಕಡಿದಾದ ಏರಿನಲ್ಲಿ ಗಾಲಿ ನಿಧಾನವಾದರೆ ಮೋಟರ್ ಕರೆಂಟ್ ಎಳೆದು ಬಿಸಿಯಾಗುತ್ತದೆ. ಪೆಡಲ್ ಅಚ್ಚಿನಲ್ಲೇ ಮೋಟರ್ ಇದ್ದರೆ ಅದರ ಬಲವೂ ಚೈನಿನಲ್ಲೇ ಹೋಗುತ್ತದೆ. ನೀವು ಸಣ್ಣ ಗೇರ್‌ಗೆ ಬಂದರೆ ಮೋಟರ್‌ಗೂ ಹಗುರ.

ಹಳೇ ಚೈನು: ಚೈನ್ ಬೇಗ ಸವೆಯುತ್ತದೆ ಅನ್ನುವುದನ್ನೂ ಹೇಳಿ. ನನ್ನ ಹೆಸರು ಸುಮ್ನೆ ಬಂದಿಲ್ಲ.

ಒಂಟಿ ಗಾಲಿ: ಗೇರ್ ಬದಲಿಸುವಾಗ ಒಂದು ಕ್ಷಣ ತುಳಿತ ಸಡಿಲಿಸಿದರೆ ಸವೆತ ಕಡಿಮೆಯಾಗುತ್ತದೆ. ಪೂರ್ತಿ ಬಲದಲ್ಲಿ ತುಳಿಯುತ್ತಾ ಗೇರ್ ಹಾಕಿದರೆ ಯಾವ ಚೈನೂ ಉಳಿಯುವುದಿಲ್ಲ.

ಸುಮ್ನೆ ಸವಾರ: ಸರಿ, ಕೊಳ್ಳುವ ಮುಂಚೆ ಏನು ನೋಡಲಿ ಹೇಳಿ.

ಗೇರ್ ಗಿರಿಜಾ: ಏರಿನಲ್ಲಿ ನಿಲ್ಲಿಸಿ, ಅಲ್ಲಿಂದಲೇ ಹೊರಡಿ. ಆಮೇಲೆ ಮೋಟರ್ ಆಫ್ ಮಾಡಿ ಸಮತಟ್ಟು ರಸ್ತೆಯಲ್ಲಿ ತುಳಿಯಿರಿ. ಬ್ಯಾಟರಿ ಮುಗಿದ ದಿನ ತುಳಿಯಬೇಕಾದ್ದು ಆ ಭಾರವನ್ನೇ.

ಸುಮ್ನೆ ಸವಾರ: ಥ್ರಾಟಲ್ ಇರುವುದನ್ನೂ ಒಂದು ನೋಡುತ್ತೇನೆ, ಬೈಯಬೇಡಿ.