ಅಪ್‌ಡೇಟ್: ಫಿಯಟ್ 500ರ ಆಯಿಲ್ ಲೀಕ್ ಸಿಕ್ಕಿತು

ಇಂಜಿನ್ ಪೂರ್ತಿ ಬಿಚ್ಚಿ ಜೋಡಿಸಿದ ಮೇಲೂ ಫಿಯಟ್ 500 ಎಫ್‌ನ ಸಿಲಿಂಡರ್ ಬುಡದಲ್ಲಿ ಆಯಿಲ್ ಜಿನುಗುತ್ತಿದೆ, ಹೆಡ್ ಗ್ಯಾಸ್ಕೆಟ್ (ಸಿಲಿಂಡರಿಗೂ ಅದರ ಮೇಲಿನ ಮುಚ್ಚಳವಾದ ಹೆಡ್‌ಗೂ ನಡುವಿನ ಸೀಲ್) ಹೋಗಿರಬಹುದೇ ಎಂದು ಹಿಂದೆ ಕೇಳಿದ್ದೆ. ಗ್ಯಾಸ್ಕೆಟ್ ಚೆನ್ನಾಗಿಯೇ ಇತ್ತು. ಸೋರುತ್ತಿದ್ದದ್ದು ಪುಶ್‌ರಾಡ್ ಟ್ಯೂಬ್, ಅಂದರೆ ವಾಲ್ವ್ ತೆರೆಯುವ ಕಡ್ಡಿ ಹಾದುಹೋಗುವ ಕೊಳವೆ.

ಈ 499.5 ಸಿಸಿ ಇಂಜಿನ್ನಿನಲ್ಲಿ ನಾಲ್ಕು ಟ್ಯೂಬ್, ಎಂಟು ಸೀಲ್. ಟ್ಯೂಬಿನ ತುದಿಯಲ್ಲಿ ಹಾರ್ಮೋನಿಯಂ ತಿದಿಯಂತೆ ಮಡಿಕೆಗಳಿರುತ್ತವೆ. ಹೆಡ್ ಬಿಗಿದಾಗ ಅವು ಕುಗ್ಗಿ ಸೀಲನ್ನು ಒತ್ತಿ ಹಿಡಿಯಬೇಕು. ಒಮ್ಮೆ ಕುಗ್ಗಿದ ಹಳೇ ಟ್ಯೂಬನ್ನು ಹಾಗೇ ಕೂರಿಸಿದರೆ ಒತ್ತಡವೇ ಬೀಳುವುದಿಲ್ಲ. ಬಿಚ್ಚಿ ನೋಡಿದಾಗ ಎರಡು ಸೀಲುಗಳ ಮೇಲೆ ಟ್ಯೂಬಿನ ಅಚ್ಚೇ ಮೂಡಿರಲಿಲ್ಲ, ಹೊಸದರಂತೆ ನುಣ್ಣಗಿದ್ದವು. ಹಳೆಯದನ್ನು ಎಳೆದು ಉದ್ದ ಮಾಡಿ ಬಳಸುವವರಿದ್ದಾರೆ. ಆದರೆ ಮಡಿಕೆಯಲ್ಲಿ ಸಣ್ಣ ಬಿರುಕು ಬಂದರೆ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ನಾಲ್ಕೂ ಹೊಸದು ಹಾಕಿದ್ದಾಯಿತು.

ಹೆಡ್ ಕೂರಿಸುವಾಗ ನಾಲ್ಕೂ ಟ್ಯೂಬ್ ನೆಟ್ಟಗೆ ನಿಂತಿವೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಒಂದು ವಾಲಿದರೂ ಸೀಲ್ ಮಡಚಿಕೊಳ್ಳುತ್ತದೆ. ನಟ್‌ಗಳನ್ನು ನಡುವಿನಿಂದ ಹೊರಕ್ಕೆ, ಅಡ್ಡಡ್ಡವಾಗಿ, ಎರಡು ಸುತ್ತಿನಲ್ಲಿ 33 ನ್ಯೂಟನ್ ಮೀಟರ್‌ಗೆ ಬಿಗಿಯಬೇಕು. ವಾಲ್ವ್ ಗ್ಯಾಪ್ ಇಂಜಿನ್ ತಣ್ಣಗಿರುವಾಗ ಇನ್‌ಟೇಕ್, ಎಕ್ಸಾಸ್ಟ್ ಎರಡಕ್ಕೂ 0.15 ಮಿ.ಮೀ.

ಈ ಲೀಕನ್ನು ಸಣ್ಣದೆಂದು ಬಿಡಬೇಡಿ. ಈ ಇಂಜಿನ್ ಗಾಳಿಯಿಂದ ತಣಿಯುವಂಥದ್ದು; ಸಿಲಿಂಡರ್ ಸವರಿ ಬಂದ ಬಿಸಿಗಾಳಿಯೇ ಇದರಲ್ಲಿ ಹೀಟರ್‌ಗೆ ಹೋಗುತ್ತದೆ, ಸುಟ್ಟ ಆಯಿಲ್ ಹೊಗೆ ನೇರ ಕಾರಿನೊಳಗೆ ಬರುತ್ತದೆ.

ಪುಲ್ಲಿಯೊಳಗಿನ ಸೆಂಟ್ರಿಫ್ಯೂಗಲ್ ಫಿಲ್ಟರನ್ನೂ (ತಿರುಗುತ್ತಾ ಆಯಿಲಿನ ಕೊಳೆಯನ್ನು ಗೋಡೆಗೆ ಎಸೆದು ಬೇರ್ಪಡಿಸುವಂಥದ್ದು) ಇದೇ ಸಲ ತೆಗೆದು ತೊಳೆದದ್ದು ಒಳ್ಳೆಯದಾಯಿತು, ಒಳಗೋಡೆಗೆ ಗಟ್ಟಿ ಕೆಸರು ಮೆತ್ತಿತ್ತು. ಈಗ ಟ್ಯೂಬ್‌ಗಳ ಬುಡಕ್ಕೆ ಬಿಳಿ ಟಿಶ್ಯೂ ಒತ್ತಿದರೆ ಒಣಗಿಯೇ ಬರುತ್ತಿದೆ.